ಕಾಣಿಕೆ ತಟ್ಟೆಯಲ್ಲಿ ಹಣದ ಜೊತೆ ಒಂದು ಪತ್ರ

2025ರ ನವೆಂಬರ್ ಮೊದಲ ವಾರ. ಅಮೆರಿಕದಲ್ಲಿ ಸುಮಾರು 4.2 ಕೋಟಿ ಜನ ಪ್ರತಿ ತಿಂಗಳು ನೆಚ್ಚಿಕೊಂಡಿದ್ದ ಆಹಾರದ ಹಣ ಸಮಯಕ್ಕೆ ಬರಲಿಲ್ಲ. ಬಜೆಟ್ ಜಗಳದಿಂದಾಗಿ ಅಕ್ಟೋಬರ್ 1ರಿಂದಲೇ ಕೇಂದ್ರ ಸರ್ಕಾರದ ಎಷ್ಟೋ ಕೆಲಸಗಳು ನಿಂತಿದ್ದವು. ಅದು 43 ದಿನ ನಡೆಯಿತು. ಆ ದೇಶದ ಚರಿತ್ರೆಯಲ್ಲಿ ಅಲ್ಲಿಯವರೆಗೆ ಅಷ್ಟು ದಿನ ಎಂದೂ ನಿಂತಿರಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಕೆಲವು ರಾಜ್ಯಗಳಲ್ಲಿ ಪೂರ್ತಿ ಹಣ ಬಂತು, ಕೆಲವು ಕಡೆ ಅರ್ಧಂಬರ್ಧ, ಕೆಲವು ಕಡೆ ಬರಲೇ ಇಲ್ಲ. ಅಷ್ಟರಲ್ಲಿ ಜನ ಚರ್ಚುಗಳ ಮುಂದೆ ಸಾಲು ನಿಂತರು.

ಈ ಯೋಜನೆಯ ಹೆಸರು ಸ್ನ್ಯಾಪ್. ಹಳಬರು ಇನ್ನೂ ಫುಡ್ ಸ್ಟ್ಯಾಂಪ್ ಅಂತಲೇ ಕರೆಯುತ್ತಾರೆ. ನಮ್ಮ ರೇಷನ್ ಕಾರ್ಡಿನಂಥದ್ದೇ, ಆದರೆ ಅಕ್ಕಿ, ರಾಗಿ ಕೊಡುವುದಿಲ್ಲ. ಒಂದು ಕಾರ್ಡಿಗೆ ಹಣ ಬೀಳುತ್ತದೆ. ಅದರಿಂದ ಅಂಗಡಿಯಲ್ಲಿ ದಿನಸಿ ಮಾತ್ರ ಕೊಳ್ಳಬಹುದು. 2024ರಲ್ಲಿ ಒಬ್ಬರಿಗೆ ತಿಂಗಳಿಗೆ ಸರಾಸರಿ 187 ಡಾಲರ್ ಸಿಗುತ್ತಿತ್ತು, ಅಂದರೆ ದಿನಕ್ಕೆ 6 ಡಾಲರ್ ಚಿಲ್ಲರೆ. ಅಮೆರಿಕದ ಬೆಲೆಗಳಲ್ಲಿ ಅದು ದೊಡ್ಡ ಹಣ ಅಲ್ಲ. ಆದರೂ ತಿಂಗಳ ಕೊನೆಯ ವಾರದಲ್ಲಿ ಮಗುವಿನ ತಟ್ಟೆ ಖಾಲಿ ಇರುತ್ತದೋ ತುಂಬಿರುತ್ತದೋ ಅನ್ನುವುದು ಎಷ್ಟೋ ಮನೆಗಳಲ್ಲಿ ಅದರ ಮೇಲೆಯೇ ನಿಂತಿದೆ.

ಹಣ ನಿಂತಾಗ ಜನ ಚರ್ಚಿಗೆ ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಊರೂರಿನಲ್ಲೂ ಪುಕ್ಕಟೆ ದಿನಸಿ ಹಂಚುವ ಫುಡ್ ಪ್ಯಾಂಟ್ರಿಗಳಿವೆ. ಅವುಗಳಲ್ಲಿ ಎಷ್ಟೋ ಚರ್ಚಿನ ನೆಲಮಾಳಿಗೆಯಲ್ಲೋ ಹಿಂದಿನ ಹಾಲ್‌ನಲ್ಲೋ ನಡೆಯುತ್ತವೆ. ಡಬ್ಬಿಯ ಬೀನ್ಸ್ ಕಾಳು, ಪಾಸ್ತಾ, ಹಾಲಿನ ಪುಡಿ, ಕಡಲೆಕಾಯಿ ಬೆಣ್ಣೆ. ಜೋಡಿಸಿ ಕೊಡುವವರು ಹೆಚ್ಚಾಗಿ ನಿವೃತ್ತರಾದ ಹಿರಿಯರು. ಅವರ ಕೆಲಸದ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಈ ದೃಶ್ಯ ನೋಡಿದಾಗ ಅಲ್ಲಿ ಕೆಲವರು ಒಂದು ಮಾತು ಹೇಳುತ್ತಾರೆ: ‘ಹಸಿದವರಿಗೆ ಉಣಿಸುವುದು ಚರ್ಚಿನ ಕೆಲಸ, ಸರ್ಕಾರದ್ದಲ್ಲ.’ ಕೇಳಲು ಭಕ್ತಿಯ ಮಾತೇ. ಒಂದು ಲೆಕ್ಕ ಹಾಕಿ ನೋಡೋಣ.

2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ದೊಡ್ಡ ಬಜೆಟ್ ಕಾನೂನು ಸ್ನ್ಯಾಪ್‌ಗೆ ಹೋಗುವ ಹಣವನ್ನು ಹತ್ತು ವರ್ಷಗಳಲ್ಲಿ ಸುಮಾರು 18,600 ಕೋಟಿ ಡಾಲರ್ ಕಡಿಮೆ ಮಾಡುತ್ತದೆ. ಇದು ಅಲ್ಲಿನ ಸಂಸತ್ತಿನದೇ ಬಜೆಟ್ ಕಚೇರಿಯ ಅಂದಾಜು. ವರ್ಷಕ್ಕೆ 1,860 ಕೋಟಿ ಡಾಲರ್ ಆಯಿತು. ಅಮೆರಿಕದಲ್ಲಿ ಚರ್ಚು, ಮಸೀದಿ, ಸಿನಗಾಗ್, ದೇವಸ್ಥಾನ ಎಲ್ಲ ಸೇರಿ ಸುಮಾರು ಮೂರೂವರೆ ಲಕ್ಷ ಪೂಜಾಸ್ಥಳಗಳಿವೆ. ಹಂಚಿದರೆ ಒಂದೊಂದರ ಪಾಲಿಗೆ ವರ್ಷಕ್ಕೆ 53,000 ಡಾಲರ್. ನಮ್ಮ ಹಣದಲ್ಲಿ 45 ಲಕ್ಷ ರೂಪಾಯಿ ದಾಟುತ್ತದೆ. 2020ರ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಅಲ್ಲಿನ ಅರ್ಧದಷ್ಟು ಭಕ್ತರ ಸಭೆಗಳಲ್ಲಿ ವಾರದ ಆರಾಧನೆಗೆ ಸೇರುವವರೇ 65 ಜನಕ್ಕಿಂತ ಕಡಿಮೆ. ಪಾಸ್ಟರ್ ಸಂಬಳ, ಕಟ್ಟಡದ ಸೂರು, ಚಳಿಗಾಲದ ಹೀಟರ್ ಬಿಲ್ ಇವಕ್ಕೇ ಹೊಂದಿಸಲು ಪರದಾಡುವ ಸಭೆಗಳು ಇವು. ಪ್ಯಾಂಟ್ರಿಗೆ ಈಗ ಕೊಡುತ್ತಿರುವುದರ ಮೇಲೆ ಇನ್ನೂ 53,000 ಎಲ್ಲಿಂದ ತರುತ್ತಾರೆ? ಅದೂ ಹತ್ತು ವರ್ಷ ಬಿಡದೆ? ಇದು ಕಡಿತವಾದ ಪಾಲಿನ ಲೆಕ್ಕ ಮಾತ್ರ. ಪೂರ್ತಿ ಯೋಜನೆಯ ಖರ್ಚು ವರ್ಷಕ್ಕೆ ಸುಮಾರು 10,000 ಕೋಟಿ ಡಾಲರ್.

ದೇಶದ ಫುಡ್ ಬ್ಯಾಂಕುಗಳ ದೊಡ್ಡ ಜಾಲವಾದ ಫೀಡಿಂಗ್ ಅಮೆರಿಕಾ ಇದನ್ನೇ ಬೇರೆ ರೀತಿ ಹೇಳುತ್ತದೆ. ತಮ್ಮ ಜಾಲ ಒಂದು ಊಟ ಕೊಟ್ಟರೆ ಸ್ನ್ಯಾಪ್ ಒಂಬತ್ತು ಊಟ ಕೊಡುತ್ತದೆ ಅಂತ. ಇದನ್ನು ಹೇಳುತ್ತಿರುವವರು ಸೌಟು ಹಿಡಿದವರೇ ಅನ್ನುವುದನ್ನು ಗಮನಿಸಬೇಕು.

ಈ ಲೆಕ್ಕ ಐವತ್ತು ವರ್ಷಗಳ ಹಿಂದೆಯೇ ಒಬ್ಬ ಪಾಸ್ಟರ್‌ಗೆ ಹೊಳೆದಿತ್ತು. ಆರ್ಥರ್ ಸೈಮನ್ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್‌ನಲ್ಲಿ ಲೂಥರನ್ ಸಭಾಪಾಲಕರಾಗಿದ್ದರು. ಬಡವರ ಬಡಾವಣೆ ಅದು. ಬಾಗಿಲು ತಟ್ಟಿದವರಿಗೆ ಊಟ ಕೊಟ್ಟರು. ನಾಳೆ ಮತ್ತೆ ತಟ್ಟುತ್ತಾರೆ, ಹೊಸಬರೂ ಸೇರುತ್ತಾರೆ. ಹಸಿವು ಹುಟ್ಟುವ ಜಾಗ ಬೇರೆಲ್ಲೋ ಇದೆ, ಕಾನೂನು ಮಾಡುವ ಕಡೆ, ಬಜೆಟ್ ಬರೆಯುವ ಕಡೆ. ಅಲ್ಲಿ ಹಸಿದವರ ಪರ ಮಾತಾಡುವವರು ಯಾರೂ ಇಲ್ಲ. 1972ರಲ್ಲಿ ಅವರು ಕೆಲವು ಕ್ಯಾಥೊಲಿಕರನ್ನೂ ಪ್ರಾಟೆಸ್ಟೆಂಟರನ್ನೂ ಜೊತೆಗೆ ಕೂರಿಸಿಕೊಂಡು ಮಾತು ಶುರುಮಾಡಿದರು. 1974ರಲ್ಲಿ ಅದು ‘ಬ್ರೆಡ್ ಫಾರ್ ದ ವರ್ಲ್ಡ್’ ಎಂಬ ರಾಷ್ಟ್ರಮಟ್ಟದ ಸಂಘಟನೆಯಾಯಿತು. ಈ ಸಂಘಟನೆ ರೊಟ್ಟಿ ಹಂಚುವುದಿಲ್ಲ. ಕಾನೂನು ಮಾಡುವವರನ್ನು ಒತ್ತಾಯಿಸುವುದಷ್ಟೇ ಇದರ ಕೆಲಸ.

ಅವರು ಹಿಡಿದ ದಾರಿ ನನಗೆ ತುಂಬ ಇಷ್ಟ. ಭಾನುವಾರದ ಆರಾಧನೆಯಲ್ಲಿ ಕಾಣಿಕೆ ತಟ್ಟೆ ಬರುತ್ತದಲ್ವಾ, ಅದರಲ್ಲಿ ನೋಟಿನ ಜೊತೆ ಒಂದು ಪತ್ರವನ್ನೂ ಹಾಕಬೇಕು. ಪತ್ರ ತಮ್ಮ ಕ್ಷೇತ್ರದ ಸಂಸದರಿಗೆ. ಆ ವರ್ಷ ಸಂಸತ್ತಿನ ಮುಂದಿರುವ ಒಂದು ವಿಷಯ ಆರಿಸಿಕೊಂಡು ಕೈಯಲ್ಲೇ ಬರೆಯಬೇಕು. ಪಾಸ್ಟರ್ ಅವನ್ನು ವೇದಿಯ ಮುಂದಿಟ್ಟು ಪ್ರಾರ್ಥಿಸಿ ಅಂಚೆಗೆ ಹಾಕುತ್ತಾರೆ. ಇದಕ್ಕೆ ‘ಪತ್ರಗಳ ಕಾಣಿಕೆ’ ಅನ್ನುತ್ತಾರೆ. ರಾಜಕೀಯ ಅಂದರೆ ಚರ್ಚಿನ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬರುವಂಥದ್ದು ಅಂದುಕೊಂಡಿದ್ದ ಎಷ್ಟೋ ಜನರಿಗೆ, ಅದೂ ಆರಾಧನೆಯ ಭಾಗ ಆಗಬಹುದು ಅಂತ ಈ ತಟ್ಟೆ ತೋರಿಸಿತು. 2001ರಲ್ಲಿ ಆಂಥ್ರಾಕ್ಸ್ ಪುಡಿ ತುಂಬಿದ ಲಕೋಟೆಗಳು ಬಂದ ಮೇಲೆ ಅಮೆರಿಕದ ಸಂಸತ್ತಿಗೆ ಹೋಗುವ ಅಂಚೆಯನ್ನೆಲ್ಲ ತಪಾಸಣೆ ಮಾಡಿ ತಡವಾಗಿ ತಲುಪಿಸುತ್ತಾರೆ. ಹಾಗಾಗಿ ಈಗ ಇಮೇಲ್, ಫೋನು, ಖುದ್ದು ಭೇಟಿ ಜಾಸ್ತಿ. ಕ್ರಮ ಮಾತ್ರ ಅದೇ.

ಒಂದು ಪತ್ರದಿಂದ ಏನಾಗುತ್ತದೆ ಅಂತ ಕೇಳಬಹುದು. ಸಂಸದರ ಕಚೇರಿಯಲ್ಲಿ ಯಾವ ವಿಷಯಕ್ಕೆ ಎಷ್ಟು ಪತ್ರ ಬಂತು ಅಂತ ಲೆಕ್ಕ ಇಡುತ್ತಾರೆ. ಹಸಿದವರ ಬಗ್ಗೆ ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಅಂಥ ಕಡೆ ತನ್ನದೇ ಕ್ಷೇತ್ರದ, ತನ್ನದೇ ನಂಬಿಕೆಯ ಐವತ್ತು ಜನ ಬರೆದರೆ ಅದು ಎದ್ದು ಕಾಣುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಅಲಬಾಮಾದಲ್ಲಿದೆ. 1999ರಲ್ಲಿ ಬಡದೇಶಗಳ ಸಾಲ ಮನ್ನಾ ಮಾಡಬೇಕು ಅನ್ನುವ ಜುಬಿಲಿ 2000 ಚಳವಳಿ ಜೋರಾಗಿತ್ತು. ಐವತ್ತನೆಯ ವರ್ಷ ಜೀತಕ್ಕೆ ಬಿದ್ದವರು ಬಿಡುಗಡೆಯಾಗಬೇಕು, ಮಾರಿಹೋದ ಹೊಲ ಮೂಲದವರಿಗೆ ಮರಳಬೇಕು ಎಂಬ ಬೈಬಲ್ಲಿನ ನಿಯಮದಿಂದ ಬಂದ ಹೆಸರು ಅದು. ಸಂಸತ್ತಿನಲ್ಲಿ ಈ ವಿಷಯ ನೋಡಿಕೊಳ್ಳುವ ಉಪಸಮಿತಿಯ ಅಧ್ಯಕ್ಷ ಸ್ಪೆನ್ಸರ್ ಬಾಕಸ್. ರಿಪಬ್ಲಿಕನ್, ಕಟ್ಟಾ ಸಂಪ್ರದಾಯವಾದಿ, ಬ್ಯಾಪ್ಟಿಸ್ಟ್ ಭಕ್ತ. ವಿದೇಶಿ ನೆರವಿನ ಬಗ್ಗೆ ಅವರಿಗೆ ಒಲವೇ ಇರಲಿಲ್ಲ. ಅವರ ಊರಾದ ಬರ್ಮಿಂಗ್‌ಹ್ಯಾಮ್‌ನ ಚರ್ಚಿನ ಕೆಲವು ಮಹಿಳೆಯರು ಅವರ ಎದುರು ಕೂತು, ಸಾಲದ ಬಡ್ಡಿ ಕಟ್ಟಲು ದೇಶಗಳು ಮಕ್ಕಳ ಔಷಧ, ಶಾಲೆಯ ಹಣ ಕಡಿತ ಮಾಡುತ್ತಿರುವುದನ್ನು ವಿವರಿಸಿದರು. ಬಾಕಸ್ ಬದಲಾದರು. ಸಾಲ ಮನ್ನಾದ ಪರ ಸದನದಲ್ಲಿ ಗಟ್ಟಿಯಾಗಿ ನಿಂತವರಲ್ಲಿ ಅವರೂ ಒಬ್ಬರಾದರು. 2000ದಲ್ಲಿ ಅಮೆರಿಕ ತನ್ನ ಪಾಲಿನ 43.5 ಕೋಟಿ ಡಾಲರ್ ಒಪ್ಪಿತು. ಮುಂದೆ ಈ ಯೋಜನೆಯಲ್ಲಿ 30ಕ್ಕೂ ಹೆಚ್ಚು ಬಡದೇಶಗಳ ಸಾಲದ ಹೊರೆ ಇಳಿಯಿತು, ಹೆಚ್ಚಿನವು ಆಫ್ರಿಕಾದವು. ತಾಂಜಾನಿಯಾ ಪ್ರಾಥಮಿಕ ಶಾಲೆಯ ಫೀಸನ್ನೇ ತೆಗೆದುಹಾಕಿತು. ವಾಷಿಂಗ್ಟನ್‌ನ ದೊಡ್ಡ ಲಾಬಿ ಮಾಡಲಾಗದ್ದನ್ನು ಊರಿನ ಚರ್ಚಿನವರು ಮಾಡಿದ್ದರು. ಬಾಕಸ್‌ಗೆ ಅವರು ಎದುರು ಪಕ್ಷದವರಾಗಿ ಕಾಣಲಿಲ್ಲ. ನಮ್ಮ ಊರವರು, ನಮ್ಮವರೇ ಅನ್ನಿಸಿತು. ಗೆಲುವಿನ ಗುಟ್ಟು ಅಲ್ಲಿದೆ ಅಂತ ನನಗನ್ನಿಸುತ್ತದೆ.

ಈ ಪರಂಪರೆಗೆ ಇನ್ನೊಂದು ಬೇರು ಇದೆ, ಅದನ್ನು ಬಿಟ್ಟು ಮುಂದೆ ಹೋದರೆ ತಪ್ಪಾಗುತ್ತದೆ. ಅದು ಕಪ್ಪು ಜನರ ಚರ್ಚು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಕೆಲವೇ ವಾರಗಳಲ್ಲಿ ಅವರ ಗೆಳೆಯ, ಪಾಸ್ಟರ್ ರಾಲ್ಫ್ ಅಬರ್ನಾಥಿ ಬಡವರನ್ನು ಕರೆದುಕೊಂಡು ವಾಷಿಂಗ್ಟನ್‌ಗೆ ಹೋದರು. ಕೃಷಿ ಇಲಾಖೆಯ ಬಾಗಿಲಲ್ಲಿ ನಿಂತು, ಫುಡ್ ಸ್ಟ್ಯಾಂಪ್ ಯಾಕೆ ಎಲ್ಲ ಬಡ ಜಿಲ್ಲೆಗಳಿಗೂ ಸಿಗುತ್ತಿಲ್ಲ ಎಂದು ಕೇಳಿದರು. ಆಗ ಸ್ಟ್ಯಾಂಪ್ ಪಡೆಯಲು ಬಡವರೇ ಮೊದಲು ಸ್ವಲ್ಪ ಹಣ ಕಟ್ಟಬೇಕಿತ್ತು. ಕೈಯಲ್ಲಿ ಕಾಸಿಲ್ಲದವರಿಗೆ ಅದೂ ಸಿಗುತ್ತಿರಲಿಲ್ಲ. ಆ ನಿಯಮ ಹೋಗಿದ್ದು 1977ರಲ್ಲಿ. ಡೆಮಾಕ್ರಾಟ್ ಜಾರ್ಜ್ ಮೆಕ್‌ಗವರ್ನ್, ರಿಪಬ್ಲಿಕನ್ ಬಾಬ್ ಡೋಲ್ ಇಬ್ಬರೂ ಸೇರಿ ಅದನ್ನು ಮಾಡಿಸಿದರು. ಹಸಿವು ಆಗ ಎರಡೂ ಪಕ್ಷದವರ ವಿಷಯವಾಗಿತ್ತು.

ಇಂದಿನ ಪರಿಸ್ಥಿತಿ ಅರ್ಥವಾಗಬೇಕಾದರೆ 2013ರ ಮೇ ತಿಂಗಳ ಒಂದು ಕಮಿಟಿ ಸಭೆಯನ್ನು ನೋಡಬೇಕು. ಸ್ನ್ಯಾಪ್‌ನಿಂದ ಹತ್ತು ವರ್ಷಕ್ಕೆ ಸುಮಾರು 2,000 ಕೋಟಿ ಡಾಲರ್ ಕಡಿಯುವ ಮಸೂದೆ ಸದನದ ಕೃಷಿ ಸಮಿತಿಯ ಮುಂದಿತ್ತು. ಕ್ಯಾಲಿಫೋರ್ನಿಯಾದ ಸಂಸದ ಹುವಾನ್ ವಾರ್ಗಸ್ ಎದ್ದರು. ಹಿಂದೆ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದ ಪಾದ್ರಿಯಾಗಲು ಹೊರಟಿದ್ದವರು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ ನೆನಪಿಸಿದರು: ನಾನು ಹಸಿದಿದ್ದೆ, ನೀವು ಉಣ್ಣಲು ಕೊಟ್ಟಿರಿ ಅಂತ ಯೇಸು ಹೇಳುವ ಜಾಗ. ಟೆನೆಸಿಯ ಸಂಸದ ಸ್ಟೀಫನ್ ಫಿಂಚರ್ ಇನ್ನೊಂದು ವಚನ ಹಿಡಿದು ಉತ್ತರ ಕೊಟ್ಟರು. ಥೆಸಲೋನಿಕದವರಿಗೆ ಪೌಲ ಬರೆದ ಎರಡನೆಯ ಪತ್ರದ ಮಾತು: ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು. ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಕ್ರೈಸ್ತರ ಕೆಲಸ, ವಾಷಿಂಗ್ಟನ್ ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುವುದಲ್ಲ ಅನ್ನುವುದು ಅವರ ವಾದವಾಗಿತ್ತು. ಫಿಂಚರ್ ರೈತರು. ಅವರ ಜಮೀನಿಗೆ ಹಲವು ವರ್ಷಗಳಿಂದ ಸರ್ಕಾರದ ಕೃಷಿ ಸಬ್ಸಿಡಿ ಲಕ್ಷಾಂತರ ಡಾಲರ್ ಬಂದಿತ್ತು ಅನ್ನುವುದು ಆಮೇಲೆ ದೊಡ್ಡ ಸುದ್ದಿಯಾಯಿತು.

ಆ ವಚನವನ್ನು ಕನ್ನಡದಲ್ಲಿ ಓದಿದಾಗ ಒಂದು ವಿಷಯ ತಟ್ಟನೆ ಕಾಣುತ್ತದೆ. ‘ಒಲ್ಲದವನು’ ಬೇರೆ, ‘ಆಗದವನು’ ಬೇರೆ. ಗ್ರೀಕ್ ಮೂಲದಲ್ಲೂ ಇರುವುದು ಮನಸ್ಸಿಲ್ಲದವನ ಮಾತೇ. ಕೆಲಸ ಸಿಗದವನು, ಮೈಯಲ್ಲಿ ಕೈಲಾಗದವನು, ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಹೋಗಲಾಗದವಳು, ಇವರ್‍ಯಾರೂ ಆ ವಚನದೊಳಗೆ ಬರುವುದಿಲ್ಲ. ಆದರೆ ಕಾನೂನು ಇವರನ್ನು ಬೇರೆ ಮಾಡಿ ನೋಡುವುದು ಕಷ್ಟ. ಸ್ನ್ಯಾಪ್‌ನ ನಿಯಮ ಹೀಗಿದೆ: ತಿಂಗಳಿಗೆ 80 ಗಂಟೆ ಕೆಲಸವನ್ನೋ ತರಬೇತಿಯನ್ನೋ ಕಾಗದದಲ್ಲಿ ತೋರಿಸಬೇಕು. ತೋರಿಸದಿದ್ದರೆ ಮೂರು ವರ್ಷದಲ್ಲಿ ಮೂರು ತಿಂಗಳು ಮಾತ್ರ ಹಣ. ಮೊದಲು ಇದು 54 ವರ್ಷದವರೆಗಿನ, ಮಕ್ಕಳಿಲ್ಲದ, ಮೈ ಸರಿಯಿರುವವರಿಗೆ ಇತ್ತು. 2025ರ ಕಾನೂನು ಅದನ್ನು 64ಕ್ಕೆ ಏರಿಸಿತು. 14 ದಾಟಿದ ಮಕ್ಕಳಿರುವ ತಂದೆತಾಯಿಯರನ್ನೂ ಸೇರಿಸಿತು. ಮನೆ ಇಲ್ಲದವರಿಗೆ, ಮಾಜಿ ಸೈನಿಕರಿಗೆ, ಸರ್ಕಾರದ ಆಶ್ರಯದಲ್ಲಿ ಬೇರೆಯವರ ಮನೆಯಲ್ಲಿ ಬೆಳೆದು ಈಗಷ್ಟೇ ಹೊರಬಂದ ಯುವಕರಿಗೆ ಇದ್ದ ವಿನಾಯಿತಿ ತೆಗೆಯಿತು. ಕೆಲಸದ ಈ ನಿಯಮವೊಂದರಿಂದಲೇ ತಿಂಗಳಿಗೆ ಸರಾಸರಿ 24 ಲಕ್ಷ ಜನ ಹೊರಬೀಳುತ್ತಾರೆ ಅಂತ ಅದೇ ಬಜೆಟ್ ಕಚೇರಿ ಅಂದಾಜಿಸಿದೆ. ಬೀದಿಯಲ್ಲಿ ಮಲಗುವವನು ತಿಂಗಳಿಗೆ 80 ಗಂಟೆಯ ಹಾಜರಿ ಕಾಗದ ಎಲ್ಲಿಟ್ಟುಕೊಳ್ಳುತ್ತಾನೆ?

ದಾನದ ಮಾತು ಬೈಬಲ್ಲಿನಲ್ಲಿ ಬೇಕಾದಷ್ಟಿದೆ, ನಿಜ. ಆದರೆ ಕಾನೂನಿನ ಮಾತೂ ಇದೆ. ಯಾಜಕಕಾಂಡದಲ್ಲಿ ರೈತನಿಗೆ ಆಜ್ಞೆ ಇದೆ: ಹೊಲದ ಮೂಲೆಯ ಪೈರನ್ನು ಕೊಯ್ಯಬೇಡ, ಉದುರಿದ ತೆನೆಯನ್ನು ಹಕ್ಕಲು ಆಯಬೇಡ, ಅದು ಬಡವನಿಗೂ ಪರದೇಶಿಗೂ ಸೇರಿದ್ದು. ರೂತಳು ಬೆತ್ಲೆಹೇಮಿನ ಹೊಲದಲ್ಲಿ ಹಕ್ಕಲು ಆಯ್ದು ಅತ್ತೆಯನ್ನೂ ಸಾಕಿದಳು. ಅವಳು ಪರದೇಶಿ, ವಿಧವೆ. ಹೊಲದ ಯಜಮಾನ ಬೋವಜ ಒಳ್ಳೆಯವನಾಗಿದ್ದ, ಅದು ಅವಳ ಅದೃಷ್ಟ. ಅವನು ಒಳ್ಳೆಯವನಲ್ಲದಿದ್ದರೂ ಆ ಮೂಲೆಯ ತೆನೆ ಅವಳದೇ ಆಗಿರುತ್ತಿತ್ತು. ಬ್ರೆಡ್ ಫಾರ್ ದ ವರ್ಲ್ಡ್‌ನಂಥವರ ವಾದದ ತಿರುಳು ಇದೇ ಅಂತ ನಾನು ತಿಳಿದಿದ್ದೇನೆ. ಒಬ್ಬರ ಒಳ್ಳೆಯತನದ ಮೇಲೆ ಇನ್ನೊಬ್ಬರ ಊಟ ನಿಲ್ಲಬಾರದು.

ಹಾಗಿದ್ದರೆ 2025ರಲ್ಲಿ ಅವರು ಯಾಕೆ ಸೋತರು?

ಪ್ರಯತ್ನಕ್ಕೆ ಕೊರತೆ ಇರಲಿಲ್ಲ. 2011ರಲ್ಲೇ ಹಲವು ಪಂಗಡಗಳ ಮುಖಂಡರು ಸೇರಿ ‘ಸರ್ಕಲ್ ಆಫ್ ಪ್ರೊಟೆಕ್ಷನ್’ ಎಂಬ ಒಕ್ಕೂಟ ಮಾಡಿಕೊಂಡಿದ್ದರು. ಕ್ಯಾಥೊಲಿಕ್ ಬಿಷಪ್‌ಗಳ ಸಂಸ್ಥೆಯೂ ಸಂಪ್ರದಾಯವಾದಿ ಪ್ರಾಟೆಸ್ಟೆಂಟರ ಇವಾಂಜೆಲಿಕಲ್ ಸಂಘವೂ ಕಪ್ಪು ಜನರ ಪಂಗಡಗಳೂ ಒಂದೇ ಕಾಗದಕ್ಕೆ ಸಹಿ ಹಾಕುವುದು ಸಣ್ಣ ಮಾತಲ್ಲ. ಆ ವರ್ಷ ಜುಲೈನಲ್ಲಿ ಅವರು ಅಧ್ಯಕ್ಷ ಒಬಾಮರನ್ನೂ ಭೇಟಿ ಮಾಡಿದ್ದರು. ಅಂದು ಮುಂದೆ ನಿಂತವರಲ್ಲಿ ಆಗ ಬ್ರೆಡ್ ಸಂಸ್ಥೆ ನಡೆಸುತ್ತಿದ್ದ ಡೇವಿಡ್ ಬೆಕ್‌ಮನ್ ಒಬ್ಬರು. ಪಾಸ್ಟರೂ ಹೌದು, ವಿಶ್ವ ಬ್ಯಾಂಕಿನಲ್ಲಿದ್ದ ಅರ್ಥಶಾಸ್ತ್ರಜ್ಞರೂ ಹೌದು. 2010ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಹಂಚಿಕೊಂಡವರು. 2020ರಿಂದ ಬ್ರೆಡ್ ಸಂಸ್ಥೆ ನಡೆಸುತ್ತಿರುವವರು ಸಿಯಾಟಲ್‌ನ ಪಾಸ್ಟರ್ ಯೂಜೀನ್ ಚೋ. 2025ರಲ್ಲಿ ಪತ್ರಗಳು ಹೋದವು, ಭೇಟಿಗಳು ನಡೆದವು. ಏಪ್ರಿಲ್ 28ರಂದು ಪಾಸ್ಟರ್ ವಿಲಿಯಂ ಬಾರ್ಬರ್ ಸಂಸತ್ ಭವನದ ಒಳಗೆ ಬಜೆಟ್ ಕಡಿತದ ವಿರುದ್ಧ ಪ್ರಾರ್ಥನೆ ಮಾಡುತ್ತಾ ಬಂಧನಕ್ಕೊಳಗಾದರು.

ಕೊನೆಗೆ ಸೆನೆಟ್‌ನಲ್ಲಿ 50–50 ಆಯಿತು. ಉಪಾಧ್ಯಕ್ಷ ವ್ಯಾನ್ಸ್ ಹಾಕಿದ ಒಂದು ವೋಟಿನಿಂದ ಮಸೂದೆ ಪಾಸಾಯಿತು. ಕೆಳಮನೆಯಲ್ಲಿ 218–214. ಇಷ್ಟು ಹತ್ತಿರದ ಲೆಕ್ಕ ನೋಡಿದಾಗ ಹೊಟ್ಟೆಗೆ ಸಂಕಟವಾಗುತ್ತದೆ. ಸೆನೆಟ್‌ನಲ್ಲಿ ಒಬ್ಬ ಬಾಕಸ್ ಸಿಕ್ಕಿದ್ದರೆ ಸಾಕಾಗಿತ್ತು.

ನನ್ನ ಪ್ರಕಾರ ಮುಖ್ಯ ಕಾರಣ ವೇದಿಕೆಗೂ ಬೆಂಚಿಗೂ ನಡುವಿನ ದೂರ. ಮುಖಂಡರು ಸಹಿ ಹಾಕುತ್ತಾರೆ, ಬೆಂಚಿನ ಮೇಲೆ ಕೂತವರು ಬೇರೆಯೇ ಯೋಚಿಸುತ್ತಿರುತ್ತಾರೆ. 2024ರಲ್ಲಿ ಬಿಳಿಯ ಇವಾಂಜೆಲಿಕಲ್ ಮತದಾರರಲ್ಲಿ 10ಕ್ಕೆ 8 ಜನ ಟ್ರಂಪ್‌ಗೆ ವೋಟು ಹಾಕಿದರು. ಅಂಥವರು ಹೆಚ್ಚಿರುವ ಕ್ಷೇತ್ರಗಳ ಸಂಸದರಿಗೆ ಇದು ಗೊತ್ತು. ರಾಷ್ಟ್ರೀಯ ಸಂಘದ ಲೆಟರ್‌ಹೆಡ್ ನೋಡಿ ಅವರು ಹೆದರುವುದಿಲ್ಲ. ತಮ್ಮ ಚರ್ಚಿನ ಬೆಂಚಿನಲ್ಲಿ ಪಕ್ಕ ಕೂರುವವರು ಬಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಅಂಥವರು ಈಗ ಕಡಿಮೆಯಾಗಿದ್ದಾರೆ. ಚರ್ಚಿಗೆ ಬರುವವರೂ ಕಡಿಮೆಯಾಗಿದ್ದಾರೆ. 2020ರಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಮೊದಲ ಸಲ ಯಾವುದಾದರೂ ಪೂಜಾಸ್ಥಳದ ಸದಸ್ಯರು ಅಂದುಕೊಂಡ ಅಮೆರಿಕನ್ನರು ಅರ್ಧಕ್ಕಿಂತ ಕೆಳಗಿಳಿದರು.

ಇನ್ನೊಂದು ಕಾರಣ ಒಂದೇ ಮಸೂದೆಯಲ್ಲಿ ಬೇಕಾದದ್ದೂ ಬೇಡದ್ದೂ ಬೆರೆತಿದ್ದು. ಕ್ಯಾಥೊಲಿಕ್ ಬಿಷಪ್‌ಗಳಿಗೆ ಆ ಮಸೂದೆಯಲ್ಲಿ ಗರ್ಭಪಾತದ ಬಗೆಗಿನ ಭಾಗ ಒಪ್ಪಿಗೆಯಾಗಿತ್ತು. ಆಹಾರ, ವೈದ್ಯಕೀಯ ನೆರವಿನ ಕಡಿತ ಒಪ್ಪಿಗೆಯಾಗಿರಲಿಲ್ಲ. ಎರಡನ್ನೂ ಹೇಳಿದರು, ಪ್ರಾಮಾಣಿಕವಾಗಿಯೇ ಹೇಳಿದರು. ಆದರೆ ‘ಇದು ಸರಿ, ಅದು ಸರಿಯಿಲ್ಲ’ ಅನ್ನುವ ಪತ್ರ ಸಿಕ್ಕ ಸಂಸದ ತನಗೆ ಬೇಕಾದ ಅರ್ಧವನ್ನಷ್ಟೇ ಓದಿಕೊಳ್ಳುತ್ತಾನೆ. ಬಿಷಪ್‌ಗಳ ನಂಬಿಕೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಹಸಿವಿನ ಬಗ್ಗೆ ಮಾತ್ರ ಬೇರೆಯಾಗಿ, ಖಡಾಖಂಡಿತವಾಗಿ ಒಂದು ‘ಬೇಡ’ ಕೇಳಿಸಬೇಕಿತ್ತು ಅನ್ನಿಸುತ್ತದೆ.

ದೇಶದ ಹೊರಗಿನ ಕಥೆ ಇನ್ನೂ ಕಠಿಣ. ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ಅಮೆರಿಕ ಸರ್ಕಾರದ ಯುಎಸ್‌ಏಡ್ ಸಂಸ್ಥೆಯನ್ನು 2025ರ ಜುಲೈ 1ಕ್ಕೆ ಮುಚ್ಚಿದರು. ಅದಕ್ಕೂ ಮೊದಲು ಫೆಬ್ರವರಿಯಲ್ಲಿ ಅದರ ತನಿಖಾಧಿಕಾರಿ ಕೊಟ್ಟ ವರದಿಯಲ್ಲಿ, ಸುಮಾರು 48.9 ಕೋಟಿ ಡಾಲರ್ ಬೆಲೆಯ ಆಹಾರ ಬಂದರುಗಳಲ್ಲಿ, ಗೋದಾಮುಗಳಲ್ಲಿ, ಹಾದಿಯಲ್ಲಿ ಸಿಕ್ಕಿಕೊಂಡು ಹಾಳಾಗುವ ಅಪಾಯವಿದೆ ಎಂದಿತ್ತು. ಅಮೆರಿಕದ ಬಿಷಪ್‌ಗಳು 1943ರಲ್ಲಿ ಕಟ್ಟಿದ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್‌ನ ಸುಮಾರು ಅರ್ಧ ಬಜೆಟ್ ಇದೇ ಯುಎಸ್‌ಏಡ್‌ನಿಂದ ಬರುತ್ತಿತ್ತು. ಆ ಹಣ ನಿಂತಾಗ ಕಾಣಿಕೆ ತಟ್ಟೆಯಿಂದ ತುಂಬಲು ಅಲ್ಲೂ ಆಗಲಿಲ್ಲ. ಮತ್ತೆ ಅದೇ ಲೆಕ್ಕ.

ಈ ನೆರವು ನಮಗೆ ದೂರದ ಮಾತಲ್ಲ. ಕರ್ನಾಟಕದಲ್ಲಿ ಅರವತ್ತು ದಾಟಿದವರನ್ನು ಸುಮ್ನೆ ಕೇಳಿ ನೋಡಿ. ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನ ಕೊಡುತ್ತಿದ್ದ ಗೋಧಿ ಉಪ್ಪಿಟ್ಟು, ಪುಡಿ ಕಲಸಿದ ಹಾಲು ಎಷ್ಟೋ ಜನರಿಗೆ ನೆನಪಿದೆ. ಅದು ಅಮೆರಿಕದ ಕೇರ್ ಎಂಬ ನೆರವು ಸಂಸ್ಥೆಯ ಮೂಲಕ ಬರುತ್ತಿತ್ತು. ಹಿಂದಿದ್ದದ್ದು 1954ರ ಪಿ.ಎಲ್. 480 ಎಂಬ ಅಮೆರಿಕದ ಕಾನೂನು. ಕೇರ್ ಚರ್ಚಿನ ಸಂಸ್ಥೆಯಲ್ಲ, ಆದರೆ ಅದೇ ಕಾನೂನಿನಡಿ ಚರ್ಚುಗಳ ಪರಿಹಾರ ಸಂಸ್ಥೆಗಳೂ ಭಾರತದಲ್ಲಿ ಆಹಾರ ಹಂಚಿದವು. ಅಮೆರಿಕದ ರೈತರ ಮಿಕ್ಕಿದ ಗೋಧಿ ಸಾಗಹಾಕುವ ಲೆಕ್ಕಾಚಾರವೂ ಶೀತಲ ಸಮರದ ರಾಜಕೀಯವೂ ಅದರಲ್ಲಿ ಇದ್ದವು. ಹಾಗಂತ ಆ ಉಪ್ಪಿಟ್ಟು ತಿಂದ ಮಗುವಿನ ಹೊಟ್ಟೆ ತುಂಬಿದ್ದು ಸುಳ್ಳಲ್ಲ. ಮುಂದೆ ನಾವು ಬೇರೆ ದಾರಿ ಹಿಡಿದೆವು. 2001ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಶಾಲೆಯ ಬಿಸಿಯೂಟ ಕೋರ್ಟಿನ ಆದೇಶವಾಯಿತು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. ನಮ್ಮ ಜಾರಿಯಲ್ಲಿ ನೂರು ತೂತುಗಳಿವೆ, ಆದರೂ ರೇಷನ್ ನಿಂತರೆ ನ್ಯಾಯಾಲಯದಲ್ಲಿ ಕೇಳಲು ಒಂದು ಕಾನೂನು ಕೈಯಲ್ಲಿದೆ. ಅಮೆರಿಕದಲ್ಲಿ ಸೈಮನ್ ಅವರ ಸಂಘಟನೆ 1976ರಲ್ಲೇ ಆಹಾರದ ಹಕ್ಕಿನ ನಿರ್ಣಯವನ್ನು ಸಂಸತ್ತಿನಲ್ಲಿ ಪಾಸು ಮಾಡಿಸಿತು. ಅದು ಬರೀ ನಿರ್ಣಯವಾಗಿಯೇ ಉಳಿಯಿತು. 2021ರಲ್ಲಿ ವಿಶ್ವಸಂಸ್ಥೆಯಲ್ಲಿ ಆಹಾರದ ಹಕ್ಕಿನ ನಿರ್ಣಯಕ್ಕೆ 186 ದೇಶಗಳು ಹೌದು ಅಂದಾಗ ಬೇಡ ಅಂದವು ಎರಡೇ: ಅಮೆರಿಕ ಮತ್ತು ಇಸ್ರೇಲ್.

ಈಗ ಹೋರಾಟದ ಜಾಗ ಬದಲಾಗುತ್ತಿದೆ. ಸ್ನ್ಯಾಪ್ ಕಚೇರಿಗಳನ್ನು ನಡೆಸುವ ಖರ್ಚಿನಲ್ಲಿ ರಾಜ್ಯಗಳ ಪಾಲು ಅರ್ಧ ಇತ್ತು. 2026ರ ಅಕ್ಟೋಬರ್‌ನಿಂದ ಅದು ಮುಕ್ಕಾಲು. 2027ರ ಅಕ್ಟೋಬರ್‌ನಿಂದ, ಹಣ ಹಂಚುವಾಗ ಹೆಚ್ಚು ತಪ್ಪಾದ ರಾಜ್ಯಗಳು ಆಹಾರದ ಹಣದಲ್ಲೂ ಶೇ 15ರವರೆಗೆ ತಾವೇ ಹಾಕಬೇಕು. ಬಡ ರಾಜ್ಯಗಳಿಗೆ ಅಷ್ಟು ಹಣ ಹೊಂದಿಸುವುದು ಸುಲಭವಲ್ಲ. ಹಣ ಹುಡುಕಬೇಕು, ಇಲ್ಲವೇ ಜನರನ್ನು ಪಟ್ಟಿಯಿಂದ ಬಿಡಬೇಕು. ತೀರ್ಮಾನ ಮಾಡುವವರು ಮಿಸಿಸಿಪ್ಪಿಯ ಜ್ಯಾಕ್ಸನ್‌ನಲ್ಲಿ, ಅಲಬಾಮಾದ ಮಾಂಟ್ಗೊಮರಿಯಲ್ಲಿ ಕೂತಿರುವ ಶಾಸಕರು. ಅವರಲ್ಲಿ ಎಷ್ಟೋ ಜನ ಭಾನುವಾರ ತಮ್ಮೂರಿನ ಚರ್ಚಿನಲ್ಲಿ ಕೂರುತ್ತಾರೆ. ಅದೇ ಚರ್ಚಿನ ನೆಲಮಾಳಿಗೆಯಲ್ಲಿ ಪ್ಯಾಂಟ್ರಿ ನಡೆಸುವವರಿಗೆ ಯಾವ ಮನೆಯಿಂದ ಯಾರು, ಯಾವ ವಾರ ಬಂದರು ಅನ್ನುವುದು ಹೆಸರು ಸಮೇತ ಗೊತ್ತು. ಪತ್ರದ ಮೇಲೆ ಇನ್ನು ಬರೆಯಬೇಕಾದ ವಿಳಾಸ ಆ ಶಾಸಕರದು. ಅದಕ್ಕೆ ಅಂಚೆಚೀಟಿಯೂ ಬೇಕಾಗಿಲ್ಲ. ಆರಾಧನೆ ಮುಗಿದ ಮೇಲೆ ಕಾಫಿ ಕೊಡುವ ಮೇಜಿನ ಹತ್ತಿರ ಕೈಗೇ ಕೊಡಬಹುದು.